ಒಂದು ಕಿಟಕಿಗೆ ಒಂದು ವರ್ಷ

ಶಿಗ್ಗಾಂವಿ
೯ ಜೂನ್ ೨೦೨೪

ಹಾನಗಲ್ಲಿನ ವಾಡೆಯ ಪಡಸಾಲೆಯಲ್ಲಿ ಇಂದು ಕೂಡಿರುವ ಎಲ್ಲ ಬಂಧುಗಳಿಗೆ ನನ್ನ ನಮಸ್ಕಾರಗಳು. ಮನೆಯ ಹಿರಿಯರಾದ ಸುಶೀಲವ್ವನವರಿಗೂ ಅವರ ಪುತ್ರರಾದ ಚನ್ನವೀರಪ್ಪ ಸಾಹುಕಾರರಿಗೂ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ಮನೆತನದ ಮಾತುಕತೆಯ ನಡುವೆ ಹೊರಗಿನವನೊಬ್ಬನ ಪತ್ರವನ್ನು ಕೇಳಲು ಅವರು ಒಪ್ಪಿದ್ದು ದೊಡ್ಡ ಮಾತು. ನಾನೇ ಬರಬೇಕಾಗಿತ್ತು. ಆದರೆ ಎರಡು ವರ್ಷಗಳಿಂದ ನನ್ನ ಕಿವಿ ಮಂದವಾಗಿದೆ. ತಾವು ಮಳೆಯ ಬಗ್ಗೆ ಕೇಳಿದರೆ ನಾನು ಬೆಳೆಯ ಬಗ್ಗೆ ಉತ್ತರಿಸಿಯೇನು. ಆದ್ದರಿಂದ ಬರೆದು ಕಳಿಸುತ್ತಿದ್ದೇನೆ.

ಮೂವತ್ತೊಂದು ವರ್ಷ ನಾನು ಇಲ್ಲಿಯ ತರಬೇತಿ ಕೇಂದ್ರವೊಂದರಲ್ಲಿ ಬಡಿಗತನ ಕಲಿಸಿದೆ. ನಿವೃತ್ತನಾದ ಮೇಲೂ ಶನಿವಾರಗಳಂದು ನಮ್ಮ ಅಂಗಳದಲ್ಲಿ ಐದಾರು ಮಕ್ಕಳಿಗೆ ಪಾಠ ನಡೆಯುತ್ತದೆ. ಈ ಪತ್ರವನ್ನು ತಮಗೆ ಓದಿ ಹೇಳುತ್ತಿರುವ ಸವಣೂರಿನ ಉಮೈಮಾ ಅವರಲ್ಲೊಬ್ಬಳು, ವಯಸ್ಸು ಇಪ್ಪತ್ಮೂರು. ತಮ್ಮ ಹದಿನಾಲ್ಕು ಕಿಟಕಿಗಳನ್ನು ಕಿತ್ತು ಅಲ್ಯುಮಿನಿಯಂ ಸ್ಲೈಡಿಂಗ್ ಕೂಡಿಸಲು ಮಾತನಾಡಿ ಹೋಗಿರುವ ಮುಸ್ತಾಕ ಅವಳ ತಂದೆ. ಅವನೂ ನನ್ನ ಶಿಷ್ಯನೇ. ತಂದೆಯ ಕೆಲಸಕ್ಕೆ ಮಗಳು ಅಡ್ಡ ಬಂದಂತೆ ಕಾಣುತ್ತದೆಂದು ನನಗೆ ಗೊತ್ತಿದೆ. ಹಾಗಿದ್ದೂ ಬರೆಯುತ್ತಿದ್ದೇನೆ.

ತಮ್ಮ ದೂರುಗಳನ್ನೆಲ್ಲ ಉಮೈಮಾ ನನಗೆ ತಿಳಿಸಿದ್ದಾಳೆ. ಮಳೆಗಾಲದಲ್ಲಿ ಕದಗಳು ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಧೂಳು ತಡೆಯುವುದಿಲ್ಲ, ಸಂಜೆಗೆ ಸೊಳ್ಳೆ, ಮುಚ್ಚಿದರೆ ಒಳಗೆ ಕತ್ತಲೆ. ಎಲ್ಲವೂ ನಿಜವಾದ ದೂರುಗಳು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಿರೆಂದು ನಾನು ಹೇಳಲಾರೆ. ಆದರೆ ಆ ಚೌಕಟ್ಟುಗಳು ನೂರು ವರ್ಷ ದಾಟಿದ ಸಾಗವಾನಿಯವು. ಅಂಥ ಮರ ಇಂದು ಬೇಡಿದರೂ ಸಿಕ್ಕುವುದಿಲ್ಲ. ಅವುಗಳಿಗೆ ಗಾಜು ಕೂಡಿಸಬಹುದು, ಸೊಳ್ಳೆ ತಡೆಯುವ ಜಾಳಿ ಕೂಡಿಸಬಹುದು, ಬಿಗಿಯಾಗಿ ಮುಚ್ಚುವಂತೆ ಮಾಡಬಹುದು.

ನನ್ನ ಬೇಡಿಕೆ ಇಷ್ಟೇ. ಮಳೆಗೆ ಎದೆಯೊಡ್ಡಿ ನಿಂತಿರುವ ಪಡುವಣ ದಿಕ್ಕಿನ ಒಂದು ಕಿಟಕಿಯನ್ನು ಒಂದು ವರ್ಷದ ಮಟ್ಟಿಗೆ ಉಮೈಮಾಳಿಗೆ ಕೊಡಿರಿ. ಮಳೆ, ಚಳಿ, ಬೇಸಿಗೆ, ಮತ್ತೆ ಮೊದಲ ಮಳೆ. ಅಷ್ಟನ್ನೂ ಅದು ದಾಟಿದರೆ ಉಳಿದ ಹದಿಮೂರನ್ನು ಅವಳಿಗೇ ಒಪ್ಪಿಸಿರಿ. ಸೋತರೆ ಎಲ್ಲವನ್ನೂ ಕಿತ್ತು ಹಾಕಿರಿ. ಅಂದು ತಾನು ಮರ ಹೆರೆಯುವ ರಂದಾ ಕೆಳಗಿಟ್ಟು ತಂದೆಯ ಅಂಗಡಿ ಸೇರುವುದಾಗಿ ಅವಳು ನನಗೆ ಮಾತು ಕೊಟ್ಟಿದ್ದಾಳೆ.

ತಮ್ಮ ವಿಶ್ವಾಸಿ,
ಪ್ರಾಣೇಶ ಆಡೂರ

*

ಸವಣೂರು
೨೧ ಜುಲೈ ೨೦೨೪

ಪೂಜ್ಯ ಗುರುಗಳಿಗೆ ಉಮೈಮಾಳ ಸಲಾಂ ಮತ್ತು ನಮಸ್ಕಾರಗಳು.

ಕಿಟಕಿ ಸಿಕ್ಕಿತು! ಆರು ವಾರಗಳಿಂದ ತಮಗೆ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಮುಗಿಸಿಯೇ ಬರೆಯಬೇಕೆಂಬ ಹಟವಿತ್ತು.

ತಮ್ಮ ಪತ್ರವನ್ನು ಪಡಸಾಲೆಯಲ್ಲಿ ಎಲ್ಲರಿಗೂ ಓದಿ ಮುಗಿಸಿದೆ. ಅಪ್ಪನೂ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಚನ್ನವೀರಪ್ಪ ಸಾಹುಕಾರರು ಅವರತ್ತ ತಿರುಗಿ, "ಮಗಳು ಮರ ಅಂತಾಳ, ಅಪ್ಪ ಅಲ್ಯುಮಿನಿಯಂ ಅಂತಾನ. ಮನ್ಯಾಗ ಮಾತಾಡಿಕೊಂಡು ಬರಬಾರದೇನೋ ಮುಸ್ತಾಕಾ?" ಎಂದರು.

"ಮನ್ಯಾಗೂ ಹಿಂಗ ಐತ್ರಿ ಸಾಹುಕಾರ್ರ," ಎಂದರು ಅಪ್ಪ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಸಾಹುಕಾರರ ಮಗ ಬಸವೇಶಣ್ಣನಿಗೆ ಈ ವರ್ಷವೇ ಎಲ್ಲ ಮುಗಿಯಬೇಕೆಂಬ ಅವಸರ. ಅವರ ಹೆಂಡತಿ ತನುಜಕ್ಕ ಮಾತ್ರ ನನ್ನನ್ನು ಒಳಗೆ ಕರೆದು, "ನೂರು ವರ್ಷದ್ದು ಅಂತ ನನಗ ಹೇಳಬ್ಯಾಡವಾ. ಸೊಳ್ಳಿ ಬರದಂಗ ಮಾಡು, ಅಷ್ಟ ಸಾಕು," ಎಂದರು. ಕೊನೆಗೆ ಸುಶೀಲವ್ವಜ್ಜಿ ಎಲೆಯಡಿಕೆ ಪಕ್ಕಕ್ಕಿಟ್ಟು, "ಒಂದು ಕಿಡಕಿ ಕೊಟ್ರ ಮನಿ ಏನ್ ಬೀಳೂದಿಲ್ಲ, ಕೊಡ್ರಿ," ಎಂದು ಮುಗಿಸಿದರು.

ಕದಗಳ ಮೇಲ್ಭಾಗದ ಹಲಗೆಗಳನ್ನು ಬಿಡಿಸಿ ಗಾಜು ಕೂಡಿಸಿದೆ. ಒಳಗಡೆ ತೆಗೆದು ತೊಳೆಯಬಹುದಾದ ಜಾಳಿ ಇಟ್ಟೆ. ಮಳೆಗೆ ಉಬ್ಬಿ ಕದಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವು ಕೂಡುವ ಅಂಚುಗಳನ್ನು ರಂದಾದಿಂದ ಐದು ಮಿಲಿಮೀಟರಿನಷ್ಟು ಹೆರೆದೆ. ಈಗ ಒಂದೇ ಬೆರಳಿನಿಂದ ಮುಚ್ಚುತ್ತವೆ. ಅಜ್ಜಿ ಮೂರು ಸಲ ಮುಚ್ಚಿ ತೆರೆದು ನೋಡಿದರು.

ಅಪ್ಪ ಬಂದು ನೋಡಿಲ್ಲ. ಹೇಗಾಯಿತೆಂದು ಕೇಳಿಯೂ ಇಲ್ಲ.

ತಮ್ಮ ವಿದ್ಯಾರ್ಥಿನಿ,
ಉಮೈಮಾ

*

ಶಿಗ್ಗಾಂವಿ
೨ ಆಗಸ್ಟ್ ೨೦೨೪

ಚಿ. ಉಮೈಮಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ಪತ್ರವನ್ನು ಶನಿವಾರದ ಪಾಠದಲ್ಲಿ ಎಲ್ಲ ಮಕ್ಕಳಿಗೂ ಓದಿಸಿದೆ. ಒಂದೇ ಬೆರಳಿನಿಂದ ಮುಚ್ಚುತ್ತದೆಂಬ ಸಾಲು ಬಂದಾಗ ಅವರೆಲ್ಲ ಚಪ್ಪಾಳೆ ತಟ್ಟಿದ್ದು ನನ್ನ ಕಿವಿಗೂ ಕೇಳಿಸಿತು. ಇನ್ನು ಕಿಟಕಿಯನ್ನು ಋತುಗಳ ಕೈಗೆ ಬಿಡು. ನಡುನಡುವೆ ಹೋಗಿ ಕೆದಕಬೇಡ.

ತಂದೆ ಕೇಳಲಿಲ್ಲವೆಂದು ನೊಂದುಕೊಳ್ಳಬೇಡ. ಅವನು ಕೇಳದಿರುವುದಕ್ಕೆ ಕಾರಣಗಳಿವೆ. ಎಲ್ಲವೂ ನಿನಗೆ ಸಂಬಂಧಿಸಿದವಲ್ಲ.

ಶುಭವನ್ನು ಕೋರುವ,
ಪ್ರಾಣೇಶ ಆಡೂರ

*

ಸವಣೂರು
೧೬ ಫೆಬ್ರುವರಿ ೨೦೨೫

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಾನು ಸೋತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಪತ್ರದ ಕೊನೆಯವರೆಗೆ ತಮ್ಮನ್ನು ಕಾಯಿಸುವುದು ಸರಿಯಲ್ಲ.

ಚಳಿಗಾಲದ ಒಣಹವೆಗೆ ಮರ ಕುಗ್ಗಿತು. ಎರಡು ಕದಗಳ ನಡುವೆ ಈಗ ಪೆನ್ಸಿಲ್ ತೂರುವಷ್ಟು ಸಂದು. ಮೊನ್ನೆ ವಾಡೆಯ ಹಿಂದಿನ ಕಣದಲ್ಲಿ ಗೋವಿನಜೋಳದ ರಾಶಿ ಮಾಡಿದರು. ಅದೇ ಹೊತ್ತಿಗೆ ನಾನು ಹೋದೆ. ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ ಬಸವೇಶಣ್ಣ ತಾಟನ್ನು ಎತ್ತಿ ತೋರಿಸಿದರು. "ನೋಡವಾ ಇಂಜಿನಿಯರಾ, ಜೋಳ ಹೊರಗ ಬೀಳಾಕತ್ತೈತಿ, ಹೊಟ್ಟು ನಮ್ಮ ಸಾರಿನ್ಯಾಗ ಬೀಳಾಕತ್ತೈತಿ. ಇದು ಕಿಡಕಿ ಅಲ್ಲ, ಜರಡಿ."

"ಸುಮ್ನ ಉಣ್ರಿ," ಎಂದು ತನುಜಕ್ಕ ಗದರಿಸಿದರು. ಆದರೆ ಅವರೂ ಸೆರಗಿನಿಂದ ತಾಟು ಮುಚ್ಚಿಕೊಂಡಿದ್ದರು. ಬಸವೇಶಣ್ಣನ ಗೇಲಿಗಿಂತ ನನಗೆ ಹೆಚ್ಚು ತಾಗಿದ್ದು ಅದು.

ಸಾಹುಕಾರರ ಮಗಳು ಶೈಲಶ್ರೀಯ ಮದುವೆ ಮೇ ಹದಿನೆಂಟಕ್ಕೆ ಗೊತ್ತಾಗಿದೆ. ಅದಕ್ಕೆ ಮೊದಲು ಹದಿನಾಲ್ಕೂ ಕಿಟಕಿಗಳನ್ನು ಬದಲಿಸಲು ಅಪ್ಪನಿಗೆ ಹೇಳಿದ್ದಾರೆ. ಒಂದು ವರ್ಷದ ಮಾತು ಇತ್ತಲ್ಲವೇ ಎಂದು ನಾನು ಕೇಳಲಿಲ್ಲ. ಹೊಟ್ಟು ಬಿದ್ದ ತಾಟಿನ ಮುಂದೆ ನಿಂತು ಹೇಗೆ ಕೇಳಲಿ?

ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಅಪ್ಪನ ಅಂಗಡಿಗೆ ಹೋಗುತ್ತೇನೆ. ಕೊಟ್ಟ ಮಾತಿಗೆ ತಪ್ಪುವುದಿಲ್ಲ.

ಉಮೈಮಾ

*

ಶಿಗ್ಗಾಂವಿ
೨೦ ಫೆಬ್ರುವರಿ ೨೦೨೫

ಚಿ. ಉಮೈಮಾಳಿಗೆ ಆಶೀರ್ವಾದಗಳು.

ಈ ಸೋಲಿನಲ್ಲಿ ನನ್ನ ಪಾಲು ನಿನ್ನದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಹೆರೆಯಬಾರದೆಂಬುದು ಮೊದಲ ವರ್ಷದ ಪಾಠ. ಐದು ಮಿಲಿಮೀಟರ್ ಹೆರೆದೆನೆಂದು ನೀನು ಜುಲೈಯಲ್ಲಿ ಬರೆದಿದ್ದೆ. ನಾನು ಓದಿದೆ. ಸಂತೋಷದ ಭರದಲ್ಲಿ ಆ ಸಾಲನ್ನು ದಾಟಿ ಹೋದೆ. ಗುರುವಾದವನು ಶಿಷ್ಯರ ಗೆಲುವನ್ನು ಓದುವಾಗಲೇ ಹೆಚ್ಚು ಎಚ್ಚರದಿಂದಿರಬೇಕು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಅದನ್ನು ಕಲಿಯುತ್ತಿದ್ದೇನೆ.

ಇನ್ನೊಂದು ಮಾತು. ಇದನ್ನು ಬರೆಯಲು ಎರಡು ದಿನ ಹಿಡಿಯಿತು.

೧೯೯೮ರಲ್ಲಿ ನಿನ್ನ ತಂದೆ ತರಬೇತಿ ಮುಗಿಸಿ ನನ್ನ ಮನೆಗೆ ಬಂದಿದ್ದ. ಇಪ್ಪತ್ತೊಂದು ವರ್ಷದ ಹುಡುಗ. ಅವನ ಕೈಯ ಬೆಸುಗೆಯಲ್ಲಿ ಕೂದಲು ತೂರದಷ್ಟು ಬಿಗಿ. ಸವಣೂರಿನಲ್ಲಿ ಮರದ ಕೆಲಸದ ಅಂಗಡಿ ತೆರೆಯಲೇ ಎಂದು ಕೇಳಿದ. "ಮರದ ಕಾಲ ಮುಗಿಯಿತಪ್ಪಾ, ಅಲ್ಯುಮಿನಿಯಂ ಕಲಿ," ಎಂದೆ. ನಾಲ್ಕು ನಿಮಿಷವೂ ಯೋಚಿಸದೆ ಹೇಳಿದ ಮಾತು. ಮುಂದಿನ ವಾರ ಅವನು ತನ್ನ ತಂದೆಯ ಉಳಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟನಂತೆ. ನಾನು ಅವನನ್ನು ಮತ್ತೆ ಆ ಬಗ್ಗೆ ಕೇಳಿಲ್ಲ, ಅವನೂ ಹೇಳಿಲ್ಲ. ಅವನ ಮಗಳು ನನ್ನ ಅಂಗಳಕ್ಕೆ ರಂದಾ ಹಿಡಿಯಲು ಬಂದಾಗ ನಾನು ಏಕೆ ಅಷ್ಟು ಹಿಗ್ಗಿದೆನೆಂದು ಈಗ ನಿನಗೆ ಅರ್ಥವಾದೀತು.

ಆದ್ದರಿಂದ ಈ ಸಲ ಯೋಚಿಸಿ ಹೇಳುತ್ತೇನೆ: ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡು. ಸಾಗವಾನಿ ಅಷ್ಟೊಂದು ಉಬ್ಬುವ ಮರವಲ್ಲ. ಜುಲೈಯಲ್ಲಿ ಕದಗಳನ್ನು ಕಚ್ಚಿಸಿದ್ದು ನಿಜವಾಗಿ ಏನು? ಕದದ ಬಿಜಾಗರಿಯ ಕಡೆಯ ಅಂಚನ್ನೂ ಅದಕ್ಕೆ ತಾಗುವ ಚೌಕಟ್ಟನ್ನೂ ಅಂಗೈಯಗಲ ಕೆರೆದು ಬಣ್ಣದ ದಪ್ಪವನ್ನು ಅಳೆ. ಮೂಗಿಗೆ ಬಟ್ಟೆಯಲ್ಲ, ಒಳ್ಳೆಯ ಮಾಸ್ಕ್ ಕಟ್ಟಿಕೊ. ನೀರು ಚಿಮುಕಿಸಿ ಕೆರೆ. ಮಕ್ಕಳನ್ನು ಹತ್ತಿರ ಬಿಡಬೇಡ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ಅಳತೆ ಬರೆದು ಕಳಿಸು. ಆಮೇಲೆ ಸೋತೆನೆಂದು ಹೇಳು.

ಪ್ರಾಣೇಶ ಆಡೂರ

*

ಸವಣೂರು
೨೩ ಮಾರ್ಚ್ ೨೦೨೫

ಪೂಜ್ಯ ಗುರುಗಳಿಗೆ ಸಲಾಂ ಮತ್ತು ನಮಸ್ಕಾರಗಳು.

ಎರಡು ಬದಿಯ ಚೌಕಟ್ಟು, ಎರಡು ಕದಗಳ ಬಿಜಾಗರಿ ಅಂಚು. ನಾಲ್ಕರ ಬಣ್ಣವನ್ನೂ ಕೂಡಿಸಿದರೆ ಐದು ಮಿಲಿಮೀಟರಿಗೆ ಒಂದು ಕೂದಲು ಹೆಚ್ಚು. ನಾನು ಹೆರೆದದ್ದೂ ಐದು. ಗುರುಗಳೇ, ಆ ಕಿಟಕಿಯ ಮರ ಏನೂ ತಪ್ಪು ಮಾಡಿರಲಿಲ್ಲ. ನಾನು ಬಣ್ಣವನ್ನು ಕೆರೆಯಬೇಕಿತ್ತು, ಮರವನ್ನು ಹೆರೆದೆ.

ಇಷ್ಟು ಬಣ್ಣ ಎಲ್ಲಿಂದ ಬಂತೆಂದು ಸುಶೀಲವ್ವಜ್ಜಿಯನ್ನು ಕೇಳಿದೆ. ಆ ಮನೆಯಲ್ಲಿ ಪ್ರತಿ ಮದುವೆಗೂ ಕಿಟಕಿಗಳಿಗೆ ಹೊಸ ಬಣ್ಣ ಬಳಿಯುವ ಪದ್ಧತಿ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅದರ ಮೇಲೆಯೇ ಬಳಿಯುತ್ತಾರೆ. ಅಜ್ಜಿ ಕುರ್ಚಿ ಎಳೆಸಿಕೊಂಡು ಬಂದು ಕೆರೆದ ಜಾಗದ ಎದುರು, ನಾನು ಹೇಳಿದಷ್ಟು ದೂರದಲ್ಲಿ, ಕುಳಿತರು. ಒಂದೊಂದು ಪದರವನ್ನೂ ಬೆರಳು ತೋರಿಸಿ ಗುರುತಿಸಿದರು.

"ಈ ಹಸರ ನಮ್ಮ ಬಸವೇಶಂದು. ಅದರ ಕೆಳಗಿಂದು ನೋಡು, ಹಳದಿ, ಅದು ನನ್ನ ಸಣ್ಣ ಮಗಳಂದು. ಈ ನೀಲಿ ಐತೆಲ್ಲಾ, ಇದು ನಂದು. ಐವತ್ತೆಂಟರಾಗ. ಹಸೀ ಇತ್ತು, ನಾ ಒಳಗ ಬರೂಮುಂದ ಸೀರಿಗೆ ಹತ್ತಿತ್ತು. ನಮ್ಮತ್ತಿ ಬೈದಿದ್ದು ಇನ್ನೂ ನೆನಪೈತಿ."

ಹನ್ನೊಂದು ಮದುವೆಗಳು. "ಅಜ್ಜಿ, ಇದನ್ನೆಲ್ಲಾ ತಗೀಲೇನ್ರಿ?" ಎಂದು ಕೇಳಿದೆ.

"ತಗಿ ತಗಿ," ಎಂದರು. "ಲಗ್ನ ಆಗಿದ್ದು ಮಂದೀದು, ಕಿಡಕೀದಲ್ಲ."

ಅಪ್ಪನ ಅಂಗಡಿಗೆ ಹೋಗುವುದನ್ನು ಮೊದಲ ಮಳೆಯವರೆಗೆ ಮುಂದೂಡಿದೆ. ಬಣ್ಣ ಪೂರ್ತಿ ತೆಗೆದೆ. ಒಳಗಿನ ಸಾಗವಾನಿ ಜೇನಿನ ಬಣ್ಣಕ್ಕಿದೆ, ಹುಳವಿಲ್ಲ, ಬಿರುಕಿಲ್ಲ. ಆಡೂರಿನ ಮನೆಯೊಂದರಲ್ಲಿ ಮುರಿದು ಬಿದ್ದಿದ್ದ ಹಳೆಯ ಸಾಗವಾನಿ ಬಾಗಿಲಿನಿಂದ ಪಟ್ಟಿಗಳನ್ನು ಸೀಳಿ, ಕದಗಳ ಅಂಚಿಗೆ ಬೆಸೆಯುತ್ತಿದ್ದೇನೆ. ಒಂದು ಪಟ್ಟಿಯಲ್ಲಿ ಉದ್ದಕ್ಕೂ ಗಾಡಿ ಕೊರೆದಿದ್ದೇನೆ, ಇನ್ನೊಂದರಲ್ಲಿ ಆ ತೋಡಿನೊಳಗೆ ಕೂಡುವ ನಾಲಗೆ. ಮರ ಕುಗ್ಗಿದರೂ ನಾಲಗೆ ಗಾಡಿಯೊಳಗೇ ಇರುತ್ತದೆ, ಸಂದು ಕಾಣುವುದಿಲ್ಲ. ಬಣ್ಣದ ಬದಲು ಕಾಯಿಸಿದ ಕುಸುಬಿ ಎಣ್ಣೆ ಕುಡಿಸಬೇಕೆಂದಿದ್ದೇನೆ. ತಮ್ಮ ಪಾಠದಲ್ಲಿ ಅದರ ಹೆಸರು ಕೇಳಿದ್ದೆ, ಕಾಯಿಸುವ ಹದ ನನಗೆ ಬಂದಿರಲಿಲ್ಲ. ಎರಡು ಸಲ ಕೆಡಿಸಿದೆ. ಶುಕ್ರವಾರ ಬೆಳಿಗ್ಗೆ ನನ್ನ ಕೆಲಸದ ಮೇಜಿನ ಮೇಲೆ ಒಂದು ಡಬ್ಬಿ ಇತ್ತು. ಒಳಗೆ ಕುಸುಬಿ ಎಣ್ಣೆ, ಬೆಲ್ಲದ ಪಾಕದಂತೆ ಎಳೆ ಬರುವ ಹದದಲ್ಲಿ. ಅಪ್ಪನ ಅಂಗಿಯಿಂದ ಅದೇ ವಾಸನೆ ಬರುತ್ತಿತ್ತು. ತಮ್ಮ ಫೆಬ್ರುವರಿಯ ಪತ್ರವನ್ನು ಅವರ ಕಣ್ಣಿಗೆ ಬೀಳುವಂತೆ ಇಟ್ಟವಳು ನಾನೇ. ತಪ್ಪಾಗಿದ್ದರೆ ಕ್ಷಮಿಸಿರಿ.

ಆದರೆ ಈಗ ಬೇರೊಂದು ತೊಡಕು ಎದ್ದಿದೆ. ಬಣ್ಣವಿಲ್ಲದ ಕಿಟಕಿಯನ್ನು ನೋಡಿ ಸಾಹುಕಾರರು ಗಾಬರಿಯಾದರು. "ಲಗ್ನದ ಮನಿ ಕಿಡಕಿ ಬರೇ ಕಟಿಗೀಲೆ ನಿಂತರ ಬೀಗರು ಏನಂದಾರು? ಸೂತಕದ ಮನಿ ಅಂದಾರು. ಬಣ್ಣಾ ಬಳಿ, ಇಲ್ಲಂದ್ರ ನಿಮ್ಮಪ್ಪ ಅಲ್ಯುಮಿನಿಯಂ ಹಾಕಲಿ." ಬಣ್ಣ ಬಳಿದರೆ ನಾಲಗೆ ಗಾಡಿಯೊಳಗೆ ಹೋಗುವುದಿಲ್ಲ, ಕಿಟಕಿ ಮತ್ತೆ ಕಚ್ಚುತ್ತದೆ. ಬಳಿಯದಿದ್ದರೆ ಕಿಟಕಿಯೇ ಇರುವುದಿಲ್ಲ. ಏನು ಮಾಡಲಿ?

ಉಮೈಮಾ

*

ಶಿಗ್ಗಾಂವಿ
೨೭ ಮಾರ್ಚ್ ೨೦೨೫

ಚಿ. ಉಮೈಮಾ,

ಪತ್ರ ತೋರಿಸಿದ್ದು ತಪ್ಪಲ್ಲ. ನಾನು ಮಾಡಲಾಗದ್ದನ್ನು ನೀನು ಮಾಡಿದೆ.

ಕಿಟಕಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅದು ಮರಗೆಲಸದ ಪ್ರಶ್ನೆಯಲ್ಲ, ಮದುವೆಯ ಪ್ರಶ್ನೆ. ಆ ಮನೆಯಲ್ಲಿ ಮದುವೆಗಳನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಅವರ ಮುಂದೆ ಕುಳಿತು, ಬಣ್ಣ ಬಳಿದರೆ ಏನಾಗುತ್ತದೆಂಬುದನ್ನು ಕದ ಮುಚ್ಚಿ ತೆರೆದು ತೋರಿಸು. ವಾದಿಸಬೇಡ.

ಪ್ರಾಣೇಶ ಆಡೂರ

*

ಸವಣೂರು
೧೯ ಜೂನ್ ೨೦೨೫

ಪೂಜ್ಯ ಗುರುಗಳಿಗೆ ಉಮೈಮಾಳ ಸಲಾಂ, ಸಾವಿರ ಸಲಾಂ!

ತಮ್ಮ ಮಾತಿನಂತೆ ಸುಶೀಲವ್ವಜ್ಜಿಯ ಮುಂದೆ ಕುಳಿತೆ. ನಾಲಗೆ ಗಾಡಿಯೊಳಗೆ ಹೋಗಿ ಕೂಡುವುದನ್ನು ತೋರಿಸಿದೆ. ಗಾಡಿಗೆ ಬಣ್ಣದ ಬದಲು ಒಂದು ಕಾಗದ ಮಡಚಿ ಇಟ್ಟೆ, ಕದ ಮುಚ್ಚಲಿಲ್ಲ. ಅಜ್ಜಿ ಆ ಕಾಗದವನ್ನು ತಾವೇ ಕಿತ್ತು ತೆಗೆದರು. ಆಮೇಲೆ ಸಾಹುಕಾರರನ್ನು ಕೂಗಿ ಕರೆದರು.

"ಚನ್ನವೀರಾ, ಲಗ್ನದಾಗ ಮದಮಗಳಿಗೆ ಏನ್ ಹಚ್ಚತೀವಿ?"

"ಅರಿಷಿಣ ಎಣ್ಣಿ ಹಚ್ಚತೀವಿ, ಮತ್ತೇನ್ ಹಚ್ಚತೀವಿ?"

"ಮದಮಗಳಿಗೇ ಬಣ್ಣಾ ಬಳಿಯೂದಿಲ್ಲ. ಕಿಡಕಿಗ್ಯಾಕ ಬಳೀಬೇಕು? ಐದು ಮಂದಿ ಮುತ್ತೈದೇರು ಶೈಲಾಗ ಎಣ್ಣಿ ಹಚ್ಚಿದ ಮ್ಯಾಲ ಕಿಡಕಿಗೂ ಹಚ್ಚಲಿ. ಬೀಗರು ಕೇಳಿದ್ರ ನಮ್ಮನಿ ಪದ್ಧತಿ ಅನ್ನು."

"ಎಂದಿಂದ ಅವ್ವಾ ನಮ್ಮನಿ ಪದ್ಧತಿ?"

"ಇವತ್ತಿಂದ."

ಉಳಿದ ಹದಿಮೂರರ ಮಾತನ್ನೂ ಅಜ್ಜಿ ಮೊದಲ ಮಳೆಯವರೆಗೆ ಮುಂದಕ್ಕೆ ಹಾಕಿಸಿದರು. ಏಪ್ರಿಲ್ ತಿಂಗಳೆಲ್ಲ ನಾನು ತೆಳ್ಳಗೆ ಎಣ್ಣೆ ಕುಡಿಸಿ, ಒರೆಸಿ, ಒಣಗಿಸಿ, ಮತ್ತೆ ಕುಡಿಸಿದೆ. ಕೊನೆಯ ಕೈಯನ್ನು ಅರಿಷಿಣದ ದಿನ ತನುಜಕ್ಕ ಮತ್ತು ಇನ್ನೂ ನಾಲ್ವರು ಹಚ್ಚಿದರು. ಮದುಮಗಳು ತಾನೂ ಒಂದು ಕೈ ಹಚ್ಚುತ್ತೇನೆಂದು ಹಟ ಹಿಡಿದಳು. ಬೀಗರ ಕಡೆಯ ಹೆಂಗಸರು ಬಂದವರೇ ಕಿಟಕಿಯ ಹತ್ತಿರ ಮೂಗು ತಂದು, ಯಾವ ಮರ, ಯಾವ ಎಣ್ಣೆ ಎಂದು ಕೇಳಿದರು. ಸೂತಕದ ಮಾತನ್ನು ಯಾರೂ ಎತ್ತಲಿಲ್ಲ.

ಆದರೂ ಮೊದಲ ಮಳೆಯ ಪರೀಕ್ಷೆ ಉಳಿದಿತ್ತು. ಸಾಹುಕಾರರು ಅದನ್ನು ಬಿಡುವವರಲ್ಲ. ಶನಿವಾರ, ಹದಿನಾಲ್ಕರಂದು, ಮಧ್ಯಾಹ್ನ ಪಡುವಣದಿಂದ ಗಾಳಿ ಸಮೇತ ಮಳೆ ಹೊಡೆಯಿತು. ಗಾಜಿನ ಮೇಲೆ ಯಾರೋ ಹಿಡಿಗಟ್ಟಲೆ ಹರಳು ಎಸೆದಂತೆ ಸದ್ದು. ಮನೆಯವರೆಲ್ಲ ಬಂದು ಕಿಟಕಿಯ ಮುಂದೆ ನಿಂತರು. ಬಸವೇಶಣ್ಣ ಕೆಳಗೆ ಒಂದು ಬಿಳಿ ಪಂಚೆ ಹಾಸಿದರು. ಉಳಿದ ಹದಿಮೂರು ಕಿಟಕಿಗಳ ಕೆಳಗೆ ಆಗಲೇ ಪಾತ್ರೆಗಳನ್ನು ಇಟ್ಟಾಗಿತ್ತು.

ಆ ಹೊತ್ತಿಗೆ ಅಪ್ಪ ಬಂದರು. ಸವಣೂರಿನಿಂದ ಆ ಮಳೆಯಲ್ಲಿ, ಬೈಕಿನ ಮೇಲೆ. ತೊಯ್ದು ತೊಪ್ಪೆಯಾಗಿದ್ದರು. ಯಾರನ್ನೂ ಮಾತನಾಡಿಸದೆ ಕೈ ಒರೆಸಿಕೊಂಡು ಅಜ್ಜಿಯ ಕಡೆ ನೋಡಿ, "ಅಮ್ಮಾರ, ಒಂದು ಊದಿನಕಡ್ಡಿ ಕೊಡ್ರಿ," ಎಂದರು.

"ಏನ್ ಮುಸ್ತಾಕಣ್ಣಾ, ಕಿಡಕಿಗೆ ಪೂಜಿ ಮಾಡಾಂವ ಏನು?" ಎಂದರು ಬಸವೇಶಣ್ಣ.

ಅಪ್ಪ ಕಡ್ಡಿ ಹಚ್ಚಿ, ಚೌಕಟ್ಟಿನ ಅಂಚಿಗೆ ಹಿಡಿದು, ಮೇಲಿನ ಮೂಲೆಯಿಂದ ನಿಧಾನವಾಗಿ ಸರಿಸತೊಡಗಿದರು. ಹೊರಗೆ ಬೇವಿನ ಮರ ನೆಲಕ್ಕೆ ಬಾಗುತ್ತಿತ್ತು. ಒಳಗೆ ಹೊಗೆ ನೂಲಿನಂತೆ ನೇರ ನಿಂತಿತ್ತು. ಮೇಲೆ ನೇರ. ಬಲಕ್ಕೆ ನೇರ. ಕದಗಳು ಕೂಡುವ ನಡುವಿನ ಗೆರೆಯ ಉದ್ದಕ್ಕೂ ನೇರ. ಎಡಗಡೆ ಕೆಳಗಿನ ಬಿಜಾಗರಿಯ ಹತ್ತಿರ ಬಂದಾಗ ಹೊಗೆ ಸ್ವಲ್ಪ ಬಳುಕಿತು. ಅಪ್ಪ ಬಗ್ಗಿ ನೋಡಿ, ನನ್ನತ್ತ ಕೈ ಚಾಚಿದರು. ಸ್ಕ್ರೂಡ್ರೈವರ್ ಕೊಟ್ಟೆ. ಒಂದು ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿ ಮತ್ತೆ ಕಡ್ಡಿ ಹಿಡಿದರು. ಹೊಗೆ ನೇರವಾಯಿತು.

ತನುಜಕ್ಕ ಪಂಚೆಯ ಮೇಲೆ ಅಂಗೈ ಆಡಿಸಿ, "ಒಣಾ ಐತಿ," ಎಂದರು.

ಅಪ್ಪ ಕಡ್ಡಿಯನ್ನು ಅಜ್ಜಿಯ ಕೈಗೆ ಮರಳಿ ಕೊಟ್ಟು ಸಾಹುಕಾರರ ಕಡೆ ತಿರುಗಿದರು. "ನನ್ನ ಕೊಟೇಶನ್ ಹರದು ಹಾಕ್ರಿ ಸಾಹುಕಾರ್ರ. ಇಷ್ಟು ಬಿಗೀ ನನಗ ಅಲ್ಯುಮಿನಿಯಂದಾಗ ಮಾಡಾಕ ಬರೂದಿಲ್ಲ."

"ಮತ್ತ ಉಳದ ಹದಿಮೂರು?" ಎಂದರು ಸಾಹುಕಾರರು.

"ಆಕೀನ್ನ ಕೇಳ್ರಿ. ಕೆಲಸ ಆಕೀದು."

ಗುರುಗಳೇ, ಹದಿಮೂರೂ ನನಗೆ ಒಪ್ಪಿಸಿದ್ದಾರೆ. ಬಸವೇಶಣ್ಣನೇ ಗೋಡೆಗೆ ಏಣಿ ತಂದು ಇಟ್ಟರು, ಈಗಿಂದೀಗಲೇ ಶುರು ಮಾಡು ಎಂಬಂತೆ. ಒಬ್ಬಳಿಂದ ಆಗುವ ಕೆಲಸವಲ್ಲ. ಶನಿವಾರದ ಪಾಠದಿಂದ ಚಿಕ್ಕೇರೂರಿನ ಮಧುಶ್ರೀಯನ್ನೂ ಆಡೂರಿನ ಪ್ರಶಾಂತನನ್ನೂ ಕಳಿಸಿಕೊಡುತ್ತೀರಾ?

ಅಪ್ಪ ತಮಗೆ ಏನೋ ಬರೆಯಬೇಕಂತೆ. ಕೆಳಗೆ ಜಾಗ ಬಿಟ್ಟಿದ್ದೇನೆ.

ತಮ್ಮ ವಿದ್ಯಾರ್ಥಿನಿ,
ಉಮೈಮಾ

ಸರ್ ಅವರಿಗೆ ಮುಸ್ತಾಕನ ಸಲಾಂ. ಆ ಪತ್ರ ಓದಿದೆ. ತಾವು ಅಂದು ಹೇಳಿದ್ದರಿಂದ ನಾನು ಕೆಟ್ಟಿಲ್ಲ. ಅಲ್ಯುಮಿನಿಯಂ ನನಗೆ ಅನ್ನ ಹಾಕಿದೆ, ಇವಳನ್ನು ಓದಿಸಿದೆ. ಆದರೆ ಉಳಿ ಕೊಟ್ಟುಬಿಟ್ಟಿದ್ದು ನನ್ನ ದುಡುಕು, ಅದನ್ನು ತಾವು ಹೊತ್ತುಕೊಳ್ಳಬೇಡಿರಿ. ಜಾಳಿಗಳಿಗೆ ಮರದ ಚೌಕಟ್ಟು ಬೇಡ, ತೊಳೆದಾಗ ಕೆಡುತ್ತದೆ. ಅಲ್ಯುಮಿನಿಯಂದೇ ಇರಲಿ. ಹದಿನಾಲ್ಕನ್ನೂ ನಾನು ಮಾಡಿಕೊಡುತ್ತೇನೆ ಎಂದು ಮಗಳಿಗೆ ಹೇಳಿದ್ದೇನೆ. ಅವಳು ಅಳತೆ ಕೊಡಬೇಕು.
ಮುಸ್ತಾಕ

*

ಶಿಗ್ಗಾಂವಿ
೨೪ ಜೂನ್ ೨೦೨೫

ಸುಶೀಲವ್ವನವರಿಗೂ ವಾಡೆಯ ಎಲ್ಲ ಬಂಧುಗಳಿಗೂ ವಂದನೆಗಳು. ಒಂದು ವರ್ಷದ ತಾಳ್ಮೆಯನ್ನು ತಾವು ನನ್ನ ವಿದ್ಯಾರ್ಥಿನಿಗೆ ದಾನವಾಗಿ ಕೊಟ್ಟಿರಿ. ನಡುವೆ ಒಮ್ಮೆ ತಮ್ಮ ತಾಟಿನಲ್ಲಿ ಹೊಟ್ಟು ಬಿತ್ತು. ಅದಕ್ಕೆ ಅವಳ ಪರವಾಗಿಯೂ ನನ್ನ ಪರವಾಗಿಯೂ ಕ್ಷಮೆ ಕೇಳುತ್ತೇನೆ. ಹೊಸದೊಂದು ಪದ್ಧತಿಯನ್ನು ಒಂದೇ ಮಾತಿನಲ್ಲಿ ಹುಟ್ಟಿಸಿದ ಹಿರಿಯರಿಗೆ ಈ ಮೇಷ್ಟರ ಶರಣು.

ಮುಸ್ತಾಕಾ, ನಿನ್ನ ಐದಾರು ಸಾಲುಗಳನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡ. ಜಾಳಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ.

ಉಮೈಮಾ, ಮಧುಶ್ರೀ ಮತ್ತು ಪ್ರಶಾಂತ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅಲ್ಲಿರುತ್ತಾರೆ. ಅವರು ಏನಾದರೂ ತಪ್ಪು ಮಾಡುತ್ತಾರೆ. ನೀನು ಹೆದರಬೇಡ, ಅವರನ್ನೂ ಹೆದರಿಸಬೇಡ. ಅವರು ಗೆದ್ದೆವೆಂದು ಬಂದು ಹೇಳಿದಾಗ ಮಾತ್ರ ಅಳತೆಯನ್ನು ಇನ್ನೊಮ್ಮೆ ಕೇಳು. ಇದು ಮಳೆಗಾಲ. ಈ ತಿಂಗಳುಗಳಲ್ಲಿ ಯಾವ ಕದಕ್ಕೂ ರಂದಾ ತಾಗದಿರಲಿ. ಬಣ್ಣ ಕೆರೆಯುವುದಕ್ಕೂ ಪಟ್ಟಿ ಸೀಳಿ ಒಳಗೆ ಪೇರಿಸಿಡುವುದಕ್ಕೂ ಇದೇ ಸರಿಯಾದ ಕಾಲ.

ಮಕ್ಕಳೇ, ನಮ್ಮ ಹಾನಗಲ್ಲು, ಸವಣೂರು, ಬಂಕಾಪುರ, ಹಿರೇಕೆರೂರುಗಳ ಓಣಿಓಣಿಗಳಲ್ಲಿ ಇಂಥ ಕಿಟಕಿಗಳು ಎಷ್ಟಿವೆಯೋ ಯಾರೂ ಎಣಿಸಿಲ್ಲ. ಎಣಿಸುವ ಕೆಲಸವೂ ನಿಮ್ಮದೇ. ಆದರೆ ಅದು ಆಮೇಲೆ. ಮಾಸ್ಕ್ ಕಟ್ಟಿಕೊಳ್ಳಿರಿ, ನೀರಿನ ಬಕೆಟ್ ತುಂಬಿಟ್ಟುಕೊಳ್ಳಿರಿ, ಏಣಿಯನ್ನು ಒಬ್ಬರು ಗಟ್ಟಿಯಾಗಿ ಹಿಡಿಯಿರಿ. ಎರಡನೆಯ ಕಿಟಕಿಯ ಬಿಜಾಗರಿಗಳನ್ನು ಬಿಚ್ಚಿರಿ.

ನಿಮ್ಮೆಲ್ಲರ,
ಪ್ರಾಣೇಶ ಆಡೂರ